ಟಿಕ್ ಟಿಕ್ ಅನ್ನದ ಗಡಿಯಾರ

ಅವಳು ಬಕೆಟ್ಟಿನಿಂದ ಕೊನೆಯ ಹೊದಿಕೆ ಎತ್ತಿ ಹಿಂಡುತ್ತಿದ್ದಾಗ ಮುಂದಿನ ಕೋಣೆಯಿಂದ ಗಂಡ ಕೂಗಿದ: "ಏ, ಒಂದ್ನಿಮಿಷ ಬಾ ಇಲ್ಲಿ."

ಗಿರಾಕಿ ಎದುರಿಗಿದ್ದಾಗ ಅವಳ ಕಣ್ಣು ಬೇಕೆನ್ನುವ ದನಿ ಅದು. ಅರ್ಧ ಹಿಂಡಿದ ಹೊದಿಕೆ ಮತ್ತೆ ಬಕೆಟ್ಟಿಗೆ ಬಿತ್ತು.

ವರ್ಷದಿಂದ ಗಂಡನ ನೋಟದ ನಟ್ಟನಡುವೆ ಕಪ್ಪು ಮಬ್ಬು ಕೂತಿತ್ತು. ಡಾಕ್ಟರು ಕೈಚೆಲ್ಲಿದ್ದರು. ಗೊತ್ತಾದರೆ ಯಾರು ತಾನೇ ರಿಪೇರಿಗೆ ಗಡಿಯಾರ ಕೊಟ್ಟಾರು? ಗಂಡ ಹೆಂಡತಿ ಬಾಯಿ ಬಿಟ್ಟಿರಲಿಲ್ಲ. ಕೀಲಿ ಕೊಡುವ ಗಡಿಯಾರವಾದರೆ ಅವನು ಕಿವಿಗೆ ಹಿಡಿದೇ ರೋಗ ಹೇಳುತ್ತಿದ್ದ. ಉಳಿದದ್ದಕ್ಕೆ ಅವಳು ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಸರಿಯಾಗಿದ್ದರೆ ಹೆಗಲ ಮೇಲೊಮ್ಮೆ ಬೆರಳು ಒತ್ತುವುದು, ಇಲ್ಲದಿದ್ದರೆ ಸುಮ್ಮನಿರುವುದು.

ಮಗಳು ಗುಬ್ಬಿಗೂ ಹೇಳಿರಲಿಲ್ಲ. ತಲೆಕೆಳಗಾಗಿ ಹಿಡಿದ ಚಿತ್ರವನ್ನು ಅಪ್ಪ "ಭೇಷ್" ಎಂದು ಹೊಗಳಿದ ದಿನದಿಂದ ಅವಳ ತುಟಿಯಲ್ಲೊಂದು ಪ್ರಶ್ನೆ ಕುಣಿಯುತ್ತಿತ್ತು. ಬಾಯಿ ತೆರೆದಾಗಲೆಲ್ಲ ತಾಯಿ ಏನಾದರೊಂದು ಕೆಲಸ ಹೇಳಿ ಅಟ್ಟುತ್ತಿದ್ದಳು.

ನಿನ್ನೆ ಬಂದದ್ದು ಗುಂಡಿ ಒತ್ತಿದರೆ ಮಾತ್ರ ಕೆಂಪು ಅಂಕಿ ಉರಿಯುವ ಹಳೇ ಕೈಗಡಿಯಾರ. ಕಿವಿಗೆ ಹಿಡಿದರೆ ಏನೂ ಇಲ್ಲ, ಕಲ್ಲು ಹಿಡಿದಂತೆ. ತಂದವರು ಪಕ್ಕದ ಬೀದಿಯ ನರ್ಸಮ್ಮ. ಗಡಿಯಾರ ತೀರಿಹೋದ ಅವರ ಗಂಡನದು.

ಇವತ್ತು ಮತ್ತೆ ಬಂದು ಮೇಜಿನಾಚೆ ಕೂತು ಅವರು ಹೇಳುತ್ತಿದ್ದರು: "ನಮ್ಮನೆಯವ್ರನ್ನ ಟೈಮ್ ಕೇಳಿದ್ರೆ ಚೀಲ ಕೆಳಗಿಟ್ಟೇ ಹೇಳ್ಬೇಕಿತ್ತು. ಎರಡೂ ಕೈ ಬೇಕಲ್ಲ ಇದಕ್ಕೆ! ಇನ್ನೊಂದ್ಸಲ ಉರಿದ್ರೆ ಸಾಕಪ್ಪಾ, ನೋಡ್ಬಿಡ್ತೀನಿ."

ಸೋರಿದ ಸೆಲ್ಲಿನ ಹಸಿರು ಕಿಲುಬನ್ನು ನಿನ್ನೆ ಹೆಂಡತಿಯೇ ತಿಕ್ಕಿ ತೆಗೆದಿದ್ದಳು. ಹೊಸ ಸೆಲ್ಲು ಹಾಕಿದರೂ ಉರಿದಿರಲಿಲ್ಲ. ಈಗ ಅವನು ಸೆಲ್ಲಿನಡಿಯ ತಗಡನ್ನು ಬೆರಳಿಂದ ತಡವಿ, ಚೂರು ಎತ್ತಿ ಬಗ್ಗಿಸಿದ್ದ.

ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಅವನ ಬೆನ್ನ ಹಿಂದೆ, ತಾನು ನಿಲ್ಲುವ ಜಾಗದಲ್ಲೇ, ಗುಬ್ಬಿ ನಿಂತಿದ್ದಳು. ಮಗಳ ಹೆಜ್ಜೆ ಸದ್ದು ಕೇಳಿ ಹೆಂಡತಿಯೇ ಎಂದುಕೊಂಡು ಅವನು ಗುಂಡಿ ಒತ್ತಿದ್ದ.

ಅಂಕಿಗಳು ಕೆಂಡದಂತೆ ಹೊತ್ತಿಕೊಂಡವು. ಗಡಿಯಾರದ ಮುಖ ಅವನತ್ತ ತಿರುಗಿತ್ತು, ಎದುರಿದ್ದ ನರ್ಸಮ್ಮನಿಗೆ ಕಂಡದ್ದು ಅದರ ಬೆನ್ನು ಮಾತ್ರ. ಅವನು ಹೆಗಲು ಚೂರು ಹಿಂದೆ ಚಾಚಿ ಕಾದ. ಬೆರಳು ಬರಲಿಲ್ಲ. ಅಂಕಿಗಳು ಆರಿದವು.

"ಊಹೂಂ, ಸತ್ತೇ ಹೋಗಿದೆ ಅಮ್ಮಾ," ಎಂದ. "ಒಳಗೆ ಟೈಮ್ ನಡೆಸೋ ಕ್ರಿಸ್ಟಲ್ ಕಿತ್ತು ಬೇರೆ ಹಾಕಿ ನೋಡ್ತೀನಿ, ಅದಕ್ಕೂ ಏಳದಿದ್ರೆ ಬಿಟ್ಬಿಡಿ."

ಕಾದ ಸೋಲ್ಡರಿಂಗ್ ಐರನ್ ಎತ್ತಿಕೊಂಡ. ನರ್ಸಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

"ರೀ, ತಡೀರಿ!" ಮಾತು ಹೆಂಡತಿಯ ಬಾಯಿಂದ ಜಾರಿತ್ತು. ಸಾವರಿಸಿಕೊಂಡು ಅವಳು ಎಂದಳು, "ಗುಬ್ಬಿ, ಹೋಗಮ್ಮ, ನಲ್ಲಿ ತಿರುಗಿಸಿ ಬಾ, ನೀರು ಹೋಗ್ತಿದೆ."

ಗುಬ್ಬಿ ಕದಲಲಿಲ್ಲ. ಅಮ್ಮನನ್ನು ನೋಡಿದಳು, ಅಪ್ಪನ ಕೈಯ ಬಿಸಿ ತುದಿಯನ್ನು ನೋಡಿದಳು, ಆಮೇಲೆ ಮೆಲ್ಲಗೆ ಅವನ ತೋಳು ಹಿಡಿದಳು.

"ಅಪ್ಪಾ, ಈಗಷ್ಟೇ ಅಷ್ಟು ಕೆಂಪಗೆ ಉರೀತಲ್ಲಾ... ನಿಂಗೆ ಕಣ್ಣು ಕಾಣಲ್ವಾ?"