ಹಣಿಗೆಯ ನೀರು

ಅಜ್ಜಿಯ ತಾಮ್ರದ ತಂಬಿಗೆಯೊಳಗೆ ಇಣುಕಿದ್ದೇ ತಡ, ಆಗಷ್ಟೇ ತಿಂದ ಉಪ್ಪಿಟ್ಟು ನನ್ನ ಗಂಟಲಿಗೆ ಬಂತು. ತಳದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಅಯಸ್ಕಾಂತದ ಬಿಲ್ಲೆ ಕೂತಿತ್ತು. ಅದರ ಮೇಲಿನ ಹೊಳಪು ಸುಲಿದು ತುಕ್ಕು ಹಿಡಿದಿತ್ತು. ಸುತ್ತಲೂ ಕಂದು ಬಣ್ಣದ ಲೋಳೆ, ನೆಗಡಿಯಾದ ಮೂಗಿನಿಂದ ಇಳಿದ ಹಾಗೆ.

“ಅಜ್ಜಿ, ಇದನ್ನ ಕುಡ್ಯಾಕತ್ತೀ ಏನು?”

“ಹದಿನೈದು ದಿನ ಆತು. ನೀರು ಕೆಂಪ ಆದಷ್ಟು ಶಕ್ತಿ ಜಾಸ್ತಿ ಅಂತ ತಾಯಪ್ಪ ಹೇಳ್ಯಾನ.”

ತಾಯಪ್ಪ ನಮ್ಮ ಮಲ್ಕಾಜ್‌ಗಿರಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು. ರೈಲ್ವೆಯಿಂದ ರಿಟೈರಾಗಿ ಈಗ ಈ ಬಿಲ್ಲೆ ಮಾರುತ್ತಾರೆ. ತೆಲುಗಿನಲ್ಲೋ ಹಿಂದಿಯಲ್ಲೋ ಯಾರು ಏನು ಮಾರಲು ಬಂದರೂ ಚಿಲಕ ತೆಗೆಯದ ನಮ್ಮ ಅಜ್ಜಿ, ಇವರು ರಾಯಚೂರು ಕಡೆಯ ಕನ್ನಡ ಮಾತಾಡಿದ್ದಕ್ಕೆ ಬಿಲ್ಲೆ ಕೊಂಡಿದ್ದಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಬಿಲ್ಲೆಯ ನೀರು ಕುಡಿದರೆ ಔಷಧಿಯೇ ಬೇಡ ಎಂಬ ಅವರ ಮಾತು ನಂಬಿ ಬಿಪಿ ಗುಳಿಗೆಯನ್ನೇ ಬಿಟ್ಟಿದ್ದಳು. ಅವತ್ತು ಬೆಳಗ್ಗೆ ಅವ್ವ ಬಿಪಿ ನೋಡಿದರೆ ನೂರಾ ಎಂಬತ್ತು! ಇವತ್ತೇ ಗುಳಿಗೆ ಶುರು ಮಾಡಿ, ಸಂಜೆ ಕರೆತನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅಜ್ಜಿ ಗುಳಿಗೆಗೆ ಬಾಯಿಯೇ ತೆರೆಯಲಿಲ್ಲ.

“ಸೈನ್ಸ್ ಓದಾಕಿ ನೀನ ಅಲ್ಲ? ನೀನ ತಿಳಿಸಿ ಹೇಳು,” ಎಂದು ಅವ್ವ ಆಫೀಸಿಗೆ ಹೋದಳು.

ನಾನು ನಳವನ್ನು ದಾರದಷ್ಟು ಸಣ್ಣಗೆ ಬಿಟ್ಟು, ಆ ಹೇಸಿಗೆ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ನೀರಿನ ಪಕ್ಕ ಹಿಡಿದೆ. ನೀರು ನೆಟ್ಟಗೆ ಸುರಿಯಿತು.

“ನೋಡಜ್ಜಿ, ಅಯಸ್ಕಾಂತ ನೀರನ್ನ ಎಳ್ಯಂಗಿಲ್ಲ. ಖರೆ ಅಂದ್ರ ಒಂಚೂರು ದೂರ ತಳ್ಳತೈತಿ, ಕಣ್ಣಿಗೆ ಕಾಣದಷ್ಟು.”

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನೇ ಅಲ್ಲ. ನನ್ನ ಬಾಚಣಿಗೆಯನ್ನು ಒಣ ಕೂದಲಿಗೆ ಗಸಗಸ ತಿಕ್ಕಿ ನೀರಿನ ಹತ್ತಿರ ತಂದೆ. ನೀರು ಅತ್ತ ಬಾಗಿತು.

“ನೀರಿನ ಒಂದೊಂದು ಕಣಕ್ಕೂ ಎರಡು ತುದಿ ಇರ್ತಾವಜ್ಜಿ, ಪ್ಲಸ್ಸು, ಮೈನಸ್ಸು. ಹಣಿಗಿಗೆ ಕರೆಂಟ್ ಹತ್ತಿತಲ್ಲ, ಅದಕ್ಕ ಎಳೀತು.”

“ಎಲಾ ಇಕಿನ!” ಅಜ್ಜಿಯ ಕಣ್ಣು ಅಗಲವಾಯಿತು. ಗೆದ್ದೆ ಎಂದುಕೊಂಡು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಬಿಲ್ಲೆ ಕಸದ ಬುಟ್ಟಿಯಲ್ಲಿತ್ತು. ತಂಬಿಗೆಯಲ್ಲಿ ಅಜ್ಜಿಯ ಹಳದಿ ಬಾಚಣಿಗೆ ಮುಳುಗಿತ್ತು! ಅದರ ಹಲ್ಲುಗಳ ಸಂದಿಯಲ್ಲಿ ವರ್ಷಗಟ್ಟಲೆ ಕೂತ ಎಣ್ಣೆಯ ಕಪ್ಪು ಜಿಡ್ಡು. ನೀರಿನ ಮೇಲೆ ತಲೆಹೊಟ್ಟು, ಜೋಳದ ಹಿಟ್ಟು ಉದುರಿಸಿದಂತೆ. ಅಜ್ಜಿ ಅದನ್ನೇ ಲೋಟಕ್ಕೆ ಬಗ್ಗಿಸಿಕೊಂಡು ಅರ್ಧ ಕುಡಿದಿದ್ದಳು. ತುಟಿಗೆ ಒಂದು ಬಿಳಿ ಕೂದಲು ಅಂಟಿತ್ತು.

“ಅಜ್ಜೀ!”

“ಯಾಕ ಒದರ್ತಿ? ನೀನ ತೋರಿಸಿದೆಲ್ಲ. ಬಿಲ್ಲಿ ಎಳೀಲಿಲ್ಲ, ಹಣಿಗಿ ಎಳೀತು. ತಾಯಪ್ಪಂದಕ್ಕಿಂತ ನಮ್ಮ ಮನೀದ ಛಲೋ.”

“ಗುಳಿಗಿ?”

“ಇನ್ನ ಗುಳಿಗಿ ಯಾಕ ಬೇಕು?”

ನಾನು ಸಿಂಕಿಗೆ ಓಡಿ ಉಪ್ಪಿಟ್ಟನ್ನು ಒಪ್ಪಿಸಿ ಬಂದೆ. ಆಮೇಲೆ ಮೂಗು ಮುಚ್ಚಿಕೊಂಡು ಆ ಬಾಚಣಿಗೆ ಎತ್ತಿ ಅಜ್ಜಿಯ ಕೈಗಿಟ್ಟೆ.

“ತಗೋ. ಈಗ ನಳದ ನೀರು ಬಾಗಿಸು ನೋಡೂಣು.”

ಅಜ್ಜಿ ನಳದ ಪಕ್ಕ ಹಿಡಿದಳು. ನೀರು ನೆಟ್ಟಗೆ. ಸೆರಗಿಗೆ ತಿಕ್ಕಿ ಹಿಡಿದಳು. ನೆಟ್ಟಗೇ.

“ಸತ್ತೈತೇನ ಇದು?”

“ತೊಯ್ದ ಕೂಡ್ಲೆ ಕರೆಂಟ್ ಹರದು ಹೋಗತೈತಿ. ಅದು ನೀರಾಗ ಉಳಿಯಂಗಿಲ್ಲಜ್ಜಿ. ಅಯಸ್ಕಾಂತದ್ದೂ ಅಷ್ಟ, ತಗದ ಮ್ಯಾಲ ನೀರು ಬರೇ ನೀರು.”

ಅಜ್ಜಿ ಲೋಟದಲ್ಲಿ ಉಳಿದಿದ್ದ ಅರ್ಧ ನೀರನ್ನು ಇಣುಕಿ ನೋಡಿದಳು.

“ಹಂಗಾರ ಈಗ ನಾ ಕುಡದದ್ದೇನು?”

“ನಿನ್ನ ತಲಿ ಹೊಟ್ಟು.”

“ಅದಕ್ಕಿಂತ ಮೊದಲ?”

“ತುಕ್ಕು.”

ಅನ್ನದಲ್ಲಿ ಒಂದೇ ಒಂದು ಕೂದಲು ಸಿಕ್ಕರೆ ತಾಟನ್ನೇ ಸರಿಸಿ ಏಳುವವಳು ನಮ್ಮ ಅಜ್ಜಿ. ತುಟಿ ಮುಟ್ಟಿಕೊಂಡಳು. ಬೆರಳಿಗೆ ಬಂದ ಬಿಳಿ ಕೂದಲನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಕಿವಿಚಿಕೊಂಡು ಬಚ್ಚಲಿಗೆ ನಡೆದಳು. ಒಳಗಿನಿಂದ ಎಂಟು ಸಲ ಬಾಯಿ ಮುಕ್ಕಳಿಸಿದ ಸದ್ದು ಬಂತು. ನಾನು ಎಣಿಸಿದೆ.

ಹೊರಗೆ ಬಂದವಳು ನನ್ನ ಮುಖ ನೋಡಲಿಲ್ಲ.

“ಗುಳಿಗಿ ಎಲ್ಲಿಟ್ಟೀರಿ?”

ಸ್ಟೀಲ್ ಲೋಟದಲ್ಲಿ ಫಿಲ್ಟರ್ ನೀರು ಕೊಟ್ಟೆ. ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ ಚೆಲ್ಲಿದಳು. ಲೋಟ ಮತ್ತೆ ತೊಳೆಸಿದಳು. ಎರಡನೇ ಸಲದ ನೀರಿನಲ್ಲಿ ಗುಳಿಗೆ ನುಂಗಿ, ನಾಲಿಗೆ ಹೊರಚಾಚಿ ತೋರಿಸಿದಳು.

“ನುಂಗೀನಿ, ನೋಡಿಕೋ. ನಿಮ್ಮವ್ವಗ ಫೋನ್ ಹಚ್ಚಿ ಹೇಳು. ಹಣಿಗಿ ಸುದ್ದಿ ಮಾತ್ರ ಎತ್ತಿದೆಂದ್ರ ನೋಡು ಮತ್ತ.”