ಕೂದಲಿಗಿಂತ ಸಣ್ಣ ಅಲುಗಾಟ

ನಾನು ಬೆರಳುದ್ದದ ಒಂದು ಉಕ್ಕಿನ ಕಡ್ಡಿ. ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಚಪ್ಪಟೆ ಮುಖ, ಹಿಂದೆ ಬಾಲದಂತೆ ಒಂದು ತಂತಿ. ಕೆಪ್ಯಾಸಿಟಿವ್ ಸೆನ್ಸರ್ ಎಂದು ಉದ್ದ ಹೆಸರಿಟ್ಟಿದ್ದಾರೆ. ನನ್ನ ಮುಖಕ್ಕೂ ಎದುರಿನ ಲೋಹಕ್ಕೂ ನಡುವೆ ವಿದ್ಯುತ್ತಿನ ಸೆಳೆತವೊಂದು ಇರುತ್ತದೆ. ಲೋಹ ಹತ್ತಿರ ಬಂದರೆ ಅದು ಹೆಚ್ಚುತ್ತದೆ, ದೂರ ಸರಿದರೆ ಕಡಿಮೆಯಾಗುತ್ತದೆ. ಅಷ್ಟರಿಂದಲೇ ತಲೆಕೂದಲಿನ ದಪ್ಪದಲ್ಲಿ ನೂರನೆಯ ಪಾಲಿನಷ್ಟು ಅಲುಗಾಟವನ್ನೂ ಮುಟ್ಟದೆ ಹೇಳಬಲ್ಲೆ. ನಡುವೆ ಗಾಳಿ ಬಿಟ್ಟು ಬೇರೇನೂ ಇರಬಾರದು, ಅದೊಂದೇ ನನ್ನ ಹಟ.

ಬೆಂಗಳೂರಿನ ಧೂಳಿಲ್ಲದ ಕೋಣೆಯೊಂದರಲ್ಲಿ ಹುಟ್ಟಿದ ನಾನು, ಹುಬ್ಬಳ್ಳಿಯ ಲೇತು ಕಾರ್ಖಾನೆಗೆ ಬಂದು ಫಕ್ಕೀರಪ್ಪನವರ ಕೈ ಸೇರಿದೆ. ಅವರು ಲೇತಿನೊಳಗೆ ತಿರುಗುವ ಉಕ್ಕಿನ ದಂಡಕ್ಕೆ, ಅಂದರೆ ಶಾಫ್ಟಿಗೆ, ಬೇರಿಂಗ್ ಕೂರಿಸುವವರು. ಅದು ತಿರುಗುವಾಗ ಎಷ್ಟು ಅಲುಗುತ್ತದೆಂದು ಹೇಳುವುದು ನನ್ನ ಕೆಲಸ. ವರ್ಷಗಟ್ಟಲೆ ಅವರ ಕೆಲಸದಲ್ಲಿ ನಾನು ಹುಳುಕು ಕಾಣಲಿಲ್ಲ.

ಮಹಾನವಮಿಯ ಖಂಡೆಪೂಜೆಗೆ ಸುತ್ತಿಗೆ, ಬೋಲ್ಟು ಬಿಚ್ಚುವ ಪಾನಾಗಳ ಜೊತೆ ನನ್ನನ್ನೂ ಮೇಜಿನ ಮೇಲೆ ಮಲಗಿಸುತ್ತಿದ್ದರು. ಪ್ರತಿ ವರ್ಷ ಕುಂಕುಮ ಬೀಳುತ್ತಿದ್ದುದು ನನ್ನ ಡಬ್ಬಿಗೆ. ಒಂದು ವರ್ಷ ಮಾತ್ರ ಫಕ್ಕೀರಪ್ಪನವರಿಗೆ ಪ್ರೀತಿ ಉಕ್ಕಿಬಂದು, ಹಸಿ ಅರಿಸಿನವನ್ನು ನೇರ ನನ್ನ ಮುಖಕ್ಕೇ ಹಚ್ಚಿದರು. ಪೂಜೆ ಮುಗಿದ ಮೇಲೆ ಬಟ್ಟೆಯಿಂದ ಒರೆಸಿದರು. ಅವರ ಕಣ್ಣಿಗೆ ಅರಿಸಿನ ಪೂರ್ತಿ ಅಳಿಸಿದಂತೆ ಕಂಡಿತು, ಆದರೆ ಅದರ ತೆಳು ಪದರವೊಂದು ನನ್ನ ಮುಖದ ಮೇಲೆ ಉಳಿದಿತ್ತು.

ಅಲ್ಲಿಂದ ನಾನು ತೋರಿಸುವ ಅಂಕಿ ನಿಂತಲ್ಲಿ ನಿಲ್ಲಲಿಲ್ಲ. ಅವರು ಶಾಫ್ಟ್ ಬಿಚ್ಚಿ ಮತ್ತೆ ಕೂರಿಸಿದರು, ಮತ್ತೆ ಬಿಚ್ಚಿದರು.

“ಸೆನ್ಸರ್ ಏನರ ಕೆಟ್ಟೈತೇನ್ರಿ?” ಎಂದು ಮೇಲ್ವಿಚಾರಕ ಹಂಪಿಹೊಳಿಯವರನ್ನು ಕೇಳಿದರು.

“ಕುಣೀಲಾರದಾಕಿ ನೆಲ ಡೊಂಕ ಅಂದಂಗಾತು ನೋಡ್ರಿ” ಎಂದು ಅವರು ನಕ್ಕರು.

ಆ ನಗೆ ಚುಚ್ಚಿತು. ಫಕ್ಕೀರಪ್ಪನವರು ನನ್ನನ್ನು ಬಿಟ್ಟು ತಮ್ಮ ಕೈಯನ್ನೇ ಅನುಮಾನಿಸತೊಡಗಿದರು. ಊಟದ ಹೊತ್ತಿನಲ್ಲಿ ಬೆರಳು ಚಾಚಿ, ನಡುಗುತ್ತವೆಯೇ ಎಂದು ನೋಡುತ್ತ ಕೂತಿರುತ್ತಿದ್ದರು. ಕೊನೆಗೆ, “ನನ್ನ ಕೈ ಹೋತ್ರೀ. ನನ್ನನ್ನ ಸಾಮಾನಿನ ಸ್ಟೋರಿಗೆ ಹಾಕಿಬಿಡ್ರಿ” ಎಂದರು. ನನಗೆ ಬಾಯಿ ಇದ್ದಿದ್ದರೆ ಅಂದೇ ಕೂಗಿಬಿಡುತ್ತಿದ್ದೆ.

ಅವರ ಜಾಗಕ್ಕೆ ಬಂದವರ ಶಾಫ್ಟೂ ಹಾಗೆಯೇ ಕುಣಿಯಿತು. ಆಗ ತಪಾಸಣೆಯ ನಸೀಮಾ ನನ್ನನ್ನು ಬಿಚ್ಚಿ, ಸ್ಪಿರಿಟ್ ಹಾಕಿದ ಹತ್ತಿಯಿಂದ ಮುಖ ತಿಕ್ಕಿದರು. ಹತ್ತಿ ಹಳದಿಯಾಯಿತು. ನನ್ನನ್ನೂ ಹತ್ತಿಯನ್ನೂ ಹಿಡಿದು ನೇರ ಸ್ಟೋರಿಗೆ ನಡೆದರು.

“ಕಾಕಾ, ನಿಮ್ಮ ಕೈ ಎಲ್ಲಿಗೂ ಹೋಗಿಲ್ರಿ.”

ಫಕ್ಕೀರಪ್ಪನವರು ಹತ್ತಿಯನ್ನು ಮೂಸಿದರು. “ಹಚ್ಚಿದಾಂವ ನಾನ ಅಲ್ಲೇನವಾ” ಎಂದರು.

ಅವರು ಹಳೆಯ ಕೆಲಸಕ್ಕೆ ಮರಳಿ ಬಂದರು. ಆದರೆ ಮೊದಲಿನಂತೆ ನನ್ನ ಅಂಕಿಗೆ ಕಾಯುತ್ತಿರಲಿಲ್ಲ. ಶಾಫ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ತಿರುಗಿಸುವರು, ಆಮೇಲೆ ನನ್ನತ್ತ ನೋಡುವರು.

ಕಾಲ ಕಳೆದಂತೆ ನನ್ನೊಳಗೆ ತೇವ ಸೇರಿತು. ಒಂದು ದಿನ ಒಳ್ಳೆಯ ಶಾಫ್ಟನ್ನು ಕೆಟ್ಟದ್ದೆಂದೆ. ಎಷ್ಟು ತಿಕ್ಕಿದರೂ ಅದೇ ಮಾತು. “ಬಿಚ್ಚಿ ನೋಡ್ರಿ” ಎಂದರು ಹಂಪಿಹೊಳಿ.

ಫಕ್ಕೀರಪ್ಪನವರು ಪಾನಾ ಮುಟ್ಟಲಿಲ್ಲ. “ಶಾಫ್ಟ್ ಬರೋಬ್ಬರಿ ಐತ್ರಿ. ಈ ಸೆನ್ಸರ್ ಬದ್ಲಿ ಮಾಡ್ರಿ.”

ಹೊಸ ಸೆನ್ಸರ್ ಬಂದು ಅವರ ಮಾತನ್ನೇ ಹೇಳಿತು. ನಾನೀಗ ಕಪಾಟಿನ ಮೂಲೆಯ ಡಬ್ಬಿಯಲ್ಲಿದ್ದೇನೆ. ನನ್ನನ್ನು ಕೈಬಿಟ್ಟಿದ್ದಕ್ಕೆ ದುಃಖವಾಯಿತು, ಮುಚ್ಚಿಡುವುದಿಲ್ಲ. ಆದರೆ ಅಂದು ಅವರು ನನ್ನ ತಪ್ಪು ಮಾತು ಕೇಳಿ, ಮತ್ತೆ ತಮ್ಮ ಕೈಯನ್ನೇ ಅನುಮಾನಿಸಿ ಶಾಫ್ಟ್ ಬಿಚ್ಚಿದ್ದರೆ, ಅದನ್ನು ನಾನು ತಡೆದುಕೊಳ್ಳುತ್ತಿರಲಿಲ್ಲ.