ಒಂದು ಲೋಟ ನೀರು, ಒಂದು ಪಾಸ್‌ವರ್ಡ್

ಮಲ್ಲತ್ತಹಳ್ಳಿಯ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಪಂಕಜಾ ಬೆಳಿಗ್ಗೆ ಹತ್ತೂಕಾಲಿಗೆ ಕಂಪ್ಯೂಟರ್ ಹಾಕಿದರು. ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಂತಿತು. ತಿಂಗಳಲ್ಲಿ ಇದು ಮೂರನೆಯ ಸಲ. ಶಾಲೆಯೊಂದರ ಸ್ಮರಣ ಸಂಚಿಕೆ ಅದರೊಳಗಿತ್ತು. ಕೊನೆಯ ಎಂಟು ಪುಟ ತಿದ್ದಿ ಸಂಜೆ ನಾಲ್ಕರೊಳಗೆ ಪ್ರೆಸ್ಸಿಗೆ ಕಳಿಸಬೇಕಿತ್ತು.

ಕಂಪ್ಯೂಟರ್ ಮಾರಿದವನೂ ರಿಪೇರಿಗೆ ಬರುವವನೂ ಗಿರಿರಾಜನೇ; ಎದುರು ಮನೆಯ ಲಕ್ಷ್ಮೀಪತಿಯವರಿಗೂ ಅವನೇ. ಫೋನ್ ಮಾಡಿದರು.

"ಕೆಂಗೇರೀಲಿದೀನಿ ಆಂಟಿ. ಆರು ಗಂಟೆಗೆ ಬರ್ತೀನಿ."

"ನಾಲ್ಕಕ್ಕೆ ಕಳಿಸ್ಬೇಕು ಕಣಪ್ಪ. ನೀನು ಮಾಡೋ ಹಾಗೆ ಡಿಲೀಟ್ ಒತ್ತಿದೆ, ಪಾಸ್‌ವರ್ಡ್ ಕೇಳ್ತಿದೆ."

"ಅದು ಬಯೋಸ್, ಕಂಪ್ಯೂಟರ್ ಶುರುವಾಗೋ ಸೆಟ್ಟಿಂಗು. ನಾನೇ ಲಾಕ್ ಮಾಡಿರೋದು, ನಿಮ್ಮ ಸೇಫ್ಟಿಗೆ."

"ಪಾಸ್‌ವರ್ಡ್ ಹೇಳು."

"ಫೋನಲ್ಲಿ ಹೇಳಕ್ಕಾಗಲ್ಲ. ಮುಟ್ಬೇಡಿ ಆಂಟಿ, ಮುಟ್ಟಿದ್ರೆ ಒಳಗಿರೋದೆಲ್ಲಾ ಹೋಗತ್ತೆ."

ಫೋನ್ ಇಟ್ಟ ಮೇಲೆ ಪಂಕಜಾಗೆ ನೆನಪಾಯಿತು. ಹಿಂದಿನ ಎರಡು ಸಲವೂ ಅವನು ಕೂತ ತಕ್ಷಣ ನೀರು ಕೇಳಿದ್ದ. ಲೋಟ ಹಿಡಿದು ಅಡುಗೆಮನೆಯಿಂದ ಬರುವಷ್ಟರಲ್ಲಿ ಕಂಪ್ಯೂಟರ್ ಸರಿಯಾಗಿತ್ತು; ರಿಪೇರಿ ಎಂದು ದುಡ್ಡೂ ತೆಗೆದುಕೊಂಡಿದ್ದ. ಕರಡಿನ ಪ್ರತಿ ಇಡಲು ಅವರು ಹಿಂಬದಿಯಲ್ಲಿ ಆಗಾಗ ಚುಚ್ಚಿ ಮರೆಯುತ್ತಿದ್ದ ಪೆನ್‌ಡ್ರೈವ್ ಮಾತ್ರ ಮೇಜಿನ ಮೇಲಿತ್ತು. ಪಾಪ, ಬಿಸಿಲಲ್ಲಿ ಬಂದಿದ್ದಾನೆ ಎಂದು ಅವರೇ ಮಜ್ಜಿಗೆ ಬೇಕಾ ಎಂದೂ ಕೇಳಿದ್ದರು. ಈಗ ಕಿವಿ ಬಿಸಿಯಾಯಿತು.

ಅಟ್ಟದ ಡಬ್ಬದಲ್ಲಿ ಮದರ್‌ಬೋರ್ಡಿನ ಕೈಪಿಡಿ ಸಿಕ್ಕಿತು. ಮೂವತ್ತು ವರ್ಷ ಕರಡು ಓದಿದವರು ಒಂದು ಸಾಲೂ ಬಿಡಲಿಲ್ಲ. ಪುಟ ಇಪ್ಪತ್ತೇಳು: ಬಯೋಸ್‌ನಲ್ಲಿ ಪೆನ್‌ಡ್ರೈವನ್ನು ಮೊದಲು ಇಟ್ಟಿದ್ದರೆ, ಅದು ಚುಚ್ಚಿರುವಾಗ ಕಂಪ್ಯೂಟರ್ ಫೈಲುಗಳಿರುವ ಡಿಸ್ಕಿಗೆ ಹೋಗದೆ ಅಲ್ಲೇ ನಿಲ್ಲಬಹುದು. ಪುಟ ನಲವತ್ತೊಂದು: ಪಾಸ್‌ವರ್ಡ್ ಮರೆತರೆ ವೈರ್ ಕಿತ್ತು, ನಾಣ್ಯದಂಥ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಡಿಸ್ಕಿನಲ್ಲಿರುವುದಕ್ಕೆ ಏನೂ ಆಗುವುದಿಲ್ಲ ಎಂದೂ ಅಲ್ಲಿತ್ತು.

ಎಲ್ಲಾ ಹೋಗತ್ತೆ ಅಂದಿದ್ದ.

ಕಂಪ್ಯೂಟರಿನ ಡಬ್ಬಿಯ ಅಂಚಿಗೆ ಗಿರಿರಾಜನ ಅಂಗಡಿಯ ಸ್ಟಿಕ್ಕರ್ ಅಂಟಿತ್ತು: ಹರಿದರೆ ವಾರಂಟಿ ಇಲ್ಲ. ಪಂಕಜಾ ಈರುಳ್ಳಿ ಹೆಚ್ಚುವ ಚಾಕುವಿನಿಂದ ಅದನ್ನು ಸೀಳಿದರು. ಹೇರ್‌ಪಿನ್ನಿನಿಂದ ಬ್ಯಾಟರಿ ಎಬ್ಬಿಸಿದರು. ಗಡಿಯಾರ ನೋಡಿಕೊಂಡು ಐದಲ್ಲ, ಹತ್ತು ನಿಮಿಷ ಕಾದರು.

ಈ ಸಲ ಬಯೋಸ್ ಏನೂ ಕೇಳದೆ ತೆರೆಯಿತು. ತಾರೀಖು ತಪ್ಪಾಗಿತ್ತು, ತಿದ್ದಿದರು. ಡಿಸ್ಕನ್ನು ಮೊದಲ ಸಾಲಿಗೆ ತಂದರು. ಪಾಸ್‌ವರ್ಡಿನ ಜಾಗದಲ್ಲಿ ತಮ್ಮದೊಂದನ್ನು ಹಾಕಿದರು. ಪೆನ್‌ಡ್ರೈವನ್ನು ಪರೀಕ್ಷೆಗೆಂದೇ ತೆಗೆಯದೆ ಬಿಟ್ಟರು. ಕಂಪ್ಯೂಟರ್ ಶುರುವಾಯಿತು. ಮೂರೂ ಮುಕ್ಕಾಲಿಗೆ ಪುಟಗಳು ಪ್ರೆಸ್ಸಿಗೆ ಹೋದವು. ಸಿಟ್ಟು ಮಾತ್ರ ಇಳಿಯಲಿಲ್ಲ.

ಆರೂ ಇಪ್ಪತ್ತಕ್ಕೆ ಗಿರಿರಾಜ ಬಂದು ಕುರ್ಚಿ ಎಳೆದುಕೊಂಡ.

"ಒಂದ್ ಲೋಟ ನೀರು ಆಂಟಿ."

"ಅಲ್ಲೇ ಇದೆ."

ಕೀಬೋರ್ಡಿನ ಪಕ್ಕದಲ್ಲಿ ತುಂಬಿದ ಲೋಟವಿತ್ತು. ಪಂಕಜಾ ಅವನ ಬೆನ್ನಿಗೇ ಸ್ಟೂಲ್ ಹಾಕಿಕೊಂಡು ಕೂತರು. ಅವನು ಕಂಪ್ಯೂಟರ್ ಹಾಕಿ, ಡಿಲೀಟ್ ಒತ್ತಿ, ಪಾಸ್‌ವರ್ಡ್ ಹೊಡೆದ. ತಪ್ಪು ಎಂದು ಬಂತು. ಮತ್ತೆ ಹೊಡೆದ. ಆಮೇಲೆ ಹರಿದ ಸ್ಟಿಕ್ಕರ್ ಕಣ್ಣಿಗೆ ಬಿತ್ತು.

"ಏನಾಂಟಿ, ಎಂಜಿನಿಯರ್ ಆಗ್ಬಿಟ್ರಾ? ಪಾಸ್‌ವರ್ಡ್ ಏನಿಟ್ಟಿದೀರಾ?"

"ಹೇಳಕ್ಕಾಗಲ್ಲ. ನನ್ನ ಸೇಫ್ಟಿಗೆ."

ಅವನು ನಗಲು ನೋಡಿದ. "ಎಲ್ಲಾ ಕಸ್ಟಮರಿಗೂ ಹಾಕ್ತೀವಿ ಆಂಟಿ. ನಿಮಗೊಬ್ರಿಗೇ ಅಲ್ಲ."

"ಎದುರು ಮನೆ ಲಕ್ಷ್ಮೀಪತಿಯವರಿಗೂ?"

ಗಿರಿರಾಜ ಕುರ್ಚಿ ಹಿಂದಕ್ಕೆ ತಳ್ಳಿದ.

ಪಂಕಜಾ ಎದ್ದು ಚಪ್ಪಲಿ ಮೆಟ್ಟಿದರು. ಕೈಪಿಡಿ ಕಂಕುಳಲ್ಲಿತ್ತು.

"ನೀರು ಕುಡಿ. ಕುಡಿದು ನಡಿ, ಅವರ ಮನೆಗೆ. ನೀನು ಲಾಕ್ ತೆಗೆಯೋದನ್ನ ಅವರೂ ನೋಡ್ಲಿ."